ಬೆಳ್ಳಿಯ ಕೈ: ಒಬ್ಬ ಖಳ ತನ್ನವರನ್ನು ಹಿಡಿದಿಟ್ಟುಕೊಂಡ ಬಗೆ

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಓದುಗರ ಮುಂದೆ ಆಡಿದ ಮಾತುಗಳು. ಬರಹಕ್ಕೆ ತರುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಷ್ಟೊಂದು ಮಕ್ಕಳು ಬಂದಿದ್ದೀರಿ, ಜೊತೆಗೆ ಅಪ್ಪ ಅಮ್ಮಂದಿರೂ ಕೂತಿದ್ದೀರಿ. ತುಂಬಾ ಖುಷಿಯಾಗಿದೆ.

ನೇರವಾಗಿ ಕತೆಗೇ ಹೋಗೋಣ. ಒಂದು ಸ್ಮಶಾನ. ರಾತ್ರಿ. ಒಬ್ಬ ಮನುಷ್ಯ ಕೂರುವಷ್ಟು ದೊಡ್ಡ ಕಲ್ಲಿನ ಕಡಾಯಿ, ಅದರಡಿ ಬೆಂಕಿ. ಪೀಟರ್ ಪೆಟಿಗ್ರೂ ಅನ್ನುವ ಕುಳ್ಳ ಮನುಷ್ಯ ತನ್ನ ಬಲಗೈಯನ್ನು ತಾನೇ ಕತ್ತರಿಸಿ ಆ ಕಡಾಯಿಗೆ ಹಾಕುತ್ತಾನೆ. ಅದರಿಂದ ಅವನ ಒಡೆಯನಿಗೆ ಮತ್ತೆ ಮೈ ಬರುತ್ತದೆ. ಒಡೆಯ ಎದ್ದು ನಿಲ್ಲುತ್ತಾನೆ. ಮೊದಲು ಏನು ಮಾಡುತ್ತಾನೆ ಗೊತ್ತಾ? ತನ್ನ ಕೈ ನೋಡಿಕೊಳ್ಳುತ್ತಾನೆ. ತನ್ನ ಮುಖ ಸವರಿಕೊಳ್ಳುತ್ತಾನೆ. ಪಕ್ಕದಲ್ಲೇ ರಕ್ತ ಸುರಿಸುತ್ತಾ ಒದ್ದಾಡುತ್ತಿರುವವನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ.

ಆಮೇಲೆ ಕೈ ಚಾಚು ಅನ್ನುತ್ತಾನೆ. ಪೆಟಿಗ್ರೂಗೆ ಎಲ್ಲಿಲ್ಲದ ಸಂತೋಷ. ಗಾಯ ವಾಸಿ ಮಾಡುತ್ತಾನೆ ಅಂದುಕೊಂಡು ಕತ್ತರಿಸಿದ ಕೈ ಚಾಚುತ್ತಾನೆ. ಒಡೆಯನಿಗೆ ಬೇಕಾದದ್ದು ಆ ಕೈ ಅಲ್ಲ, ಇನ್ನೊಂದು. ಆ ಎಡಗೈಯಲ್ಲಿ ಒಂದು ಹಚ್ಚೆಯಂಥ ಗುರುತಿದೆ. ಅದನ್ನು ಮುಟ್ಟಿದರೆ ಎಲ್ಲೆಲ್ಲೋ ಇರುವ ಉಳಿದ ಬಂಟರ ಕೈಯಲ್ಲೂ ಆ ಗುರುತು ಉರಿಯುತ್ತದೆ. ಅವರನ್ನು ಕರೆಸಿಕೊಳ್ಳಲು ಅವನಿಗೆ ಆ ಕೈ ಬೇಕಿತ್ತು.

ಇದು ಹ್ಯಾರಿ ಪಾಟರ್ ಸರಣಿಯ ನಾಲ್ಕನೇ ಪುಸ್ತಕದ ಕೊನೆಯ ಭಾಗ. ಒಡೆಯ ವೋಲ್ಡೆಮಾರ್ಟ್. ನಿಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಗೊತ್ತಿರುವ ಹೆಸರೇ. ನಾನು ಈ ಸರಣಿಯನ್ನು ಮೂರು ಸಲ ಓದಿದ್ದೇನೆ, ಆ ದೃಶ್ಯ ಮಾತ್ರ ಪ್ರತಿ ಸಲವೂ ನನ್ನನ್ನು ತಡೆದು ನಿಲ್ಲಿಸುತ್ತದೆ. ಕೈ ಕಳೆದುಕೊಂಡವನು ಓಡಿಹೋಗುವುದಿಲ್ಲ ಯಾಕೆ? ಕತ್ತಲಲ್ಲಿ ಪ್ರತ್ಯಕ್ಷವಾಗುವ ಉಳಿದವರು, ಹದಿಮೂರು ವರ್ಷ ಇವನ ಹೆಸರೂ ಎತ್ತದೆ ಆರಾಮಾಗಿ ಸಂಸಾರ ಮಾಡಿಕೊಂಡಿದ್ದವರು, ಗುರುತು ಉರಿದ ಕೂಡಲೇ ಬಂದು ಅವನ ನಿಲುವಂಗಿಯ ಅಂಚಿಗೆ ಮುತ್ತಿಡುತ್ತಾರೆ ಯಾಕೆ?

ಇಷ್ಟು ವರ್ಷ ಯೋಚಿಸಿ ನನಗೆ ಹೊಳೆದದ್ದು ಒಂದೇ ಮಾತು. ಖಳನಿಗೆ ಬೇಕಾದದ್ದು ಒಂದು, ಅವನ ಹಿಂದೆ ಬಂದವರಿಗೆ ಬೇಕಾದದ್ದು ಇನ್ನೊಂದು. ಈ ಎರಡರ ನಡುವೆ ಇರುವ ಕತ್ತಲೆಯಲ್ಲೇ ಅವನ ಹಿಡಿತ ಕೆಲಸ ಮಾಡುತ್ತದೆ. ಇವತ್ತು ಮಾತಾಡುವುದು ಅದರ ಬಗ್ಗೆ.

ಮೊದಲು ಅವನಿಗೆ ಏನು ಬೇಕಿತ್ತು ಅಂತ ನೋಡೋಣ. ಇಲ್ಲಿ ಸರಣಿ ಅನ್ನುವುದು ಬಹಳ ಮುಖ್ಯ. ಮೊದಲ ಪುಸ್ತಕ ಬಂದದ್ದು 1997ರಲ್ಲಿ, ಏಳನೆಯದು 2007ರಲ್ಲಿ. ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ಹತ್ತಿರ ಹತ್ತಿರ ಮೂರು ವರ್ಷದ ಅಂತರ. ವಾರಪತ್ರಿಕೆಯ ಧಾರಾವಾಹಿಯಲ್ಲಿ 'ಸಶೇಷ' ಅಂತ ನೋಡಿ ಒಂದು ವಾರ ಚಡಪಡಿಸಿದವರು ನಾವು. ಇಲ್ಲಿ ಖಳನಿಗೆ ಮೈ ಬಂದುಬಿಟ್ಟಿದೆ, ಯಾರೂ ನಂಬುತ್ತಿಲ್ಲ, ಓದುಗ ಮೂರು ವರ್ಷ ಕಾಯಬೇಕು. ಮೊದಲ ಪುಸ್ತಕ ಓದುವಾಗ ಹನ್ನೊಂದು ವರ್ಷದವರಾಗಿದ್ದ ಮಕ್ಕಳು ಕೊನೆಯದನ್ನು ಓದುವಾಗ ಇಪ್ಪತ್ತು ದಾಟಿದ್ದರು. ಹಾಗಾಗಿ ಖಳನೂ ಒಂದೇ ಸಲ ಪೂರ್ತಿ ಕಾಣಿಸಲಿಲ್ಲ. ನಮ್ಮ ಯಕ್ಷಗಾನದಲ್ಲಿ ಬಣ್ಣದ ವೇಷವನ್ನು ತೆರೆ ಹಿಡಿದು ಸ್ವಲ್ಪ ಸ್ವಲ್ಪವಾಗಿ ತೋರಿಸುತ್ತಾರಲ್ಲ, ಹಾಗೆ. ಮೊದಲ ಪುಸ್ತಕದಲ್ಲಿ ಅವನು ಇನ್ನೊಬ್ಬನ ತಲೆಯ ಹಿಂಬದಿಯಲ್ಲಿ ಅಂಟಿಕೊಂಡ ಬರೀ ಒಂದು ಮುಖ. ಎರಡನೆಯದರಲ್ಲಿ ಒಂದು ಡೈರಿಯೊಳಗಿನ ನೆನಪು. ಮೂರನೆಯದರಲ್ಲಿ ಬರುವುದೇ ಇಲ್ಲ. ಅವನು ಯಾಕೆ ಹೀಗಾದ ಅನ್ನುವುದು ಪೂರ್ತಿ ತಿಳಿಯುವುದು ಆರನೇ ಪುಸ್ತಕದಲ್ಲಿ, ಅಂದರೆ 2005ರಲ್ಲಿ. ಎಂಟು ವರ್ಷ ಅವನಿಗೆ ಹೆದರಿದ ಮೇಲೆ ನಮಗೆ ಒಂದು ಅನಾಥಾಲಯ ತೋರಿಸುತ್ತಾರೆ.

ಲಂಡನ್ನಿನ ಅನಾಥಾಲಯ ಅದು. 1926ರ ಡಿಸೆಂಬರ್ 31ರ ರಾತ್ರಿ ಒಬ್ಬ ಬಡ ಹೆಂಗಸು ಅಲ್ಲಿಗೆ ಬಂದು ಮಗು ಹೆತ್ತು, ಸ್ವಲ್ಪ ಹೊತ್ತಿನಲ್ಲೇ ತೀರಿಕೊಳ್ಳುತ್ತಾಳೆ. ಆ ಮಗುವೇ ಟಾಮ್ ರಿಡ್ಲ್, ಮುಂದೆ ವೋಲ್ಡೆಮಾರ್ಟ್ ಆಗುವವನು. ಹನ್ನೊಂದು ವರ್ಷದ ಟಾಮ್‌ನನ್ನು ಮಾಯಾವಿದ್ಯೆಯ ಶಾಲೆಗೆ ಕರೆದೊಯ್ಯಲು ಡಂಬಲ್‌ಡೋರ್ ಮೇಷ್ಟ್ರು ಬರುತ್ತಾರೆ. ನೀನು ಮಾಂತ್ರಿಕ ಅಂತ ಹೇಳಿದಾಗ ಹುಡುಗನಿಗೆ ಆಶ್ಚರ್ಯವೇ ಆಗುವುದಿಲ್ಲ. ತಾನು ಬೇರೆಯವರ ಹಾಗಲ್ಲ ಅಂತ ಅವನಿಗೆ ಮೊದಲೇ ಖಾತ್ರಿ. ಪ್ರಾಣಿಗಳು ಹೇಳಿದ ಹಾಗೆ ಕೇಳುತ್ತವೆ, ತನಗೆ ಸಿಟ್ಟು ಬಂದರೆ ಬೇರೆಯವರಿಗೆ ನೋವು ಕೊಡಬಲ್ಲೆ ಅಂತ ಹೇಳಿಕೊಳ್ಳುತ್ತಾನೆ. ಅವನ ಬೀರುವಿನಲ್ಲಿ ಒಂದು ಡಬ್ಬಿ ಇದೆ. ಅದರಲ್ಲಿ ಬೇರೆ ಮಕ್ಕಳಿಂದ ಕಿತ್ತುಕೊಂಡ ಚಿಕ್ಕ ಚಿಕ್ಕ ಸಾಮಾನು: ಒಂದು ಯೋ-ಯೋ, ಬೆರಳಿಗೆ ಹಾಕಿ ಹೊಲಿಯುವ ಬೆಳ್ಳಿಯ ಟೋಪಿ, ಮಾಸಿದ ಮೌತ್ ಆರ್ಗನ್. ಯಾವುದಕ್ಕೂ ಬೆಲೆಯಿಲ್ಲ. ಅವನಿಗೆ ಬೇಕಿದ್ದದ್ದು ಸಾಮಾನಲ್ಲ, ಕಿತ್ತುಕೊಂಡೆ ಅನ್ನುವ ಗುರುತು.

ಇನ್ನೊಂದು ಮಾತು ಆಡುತ್ತಾನೆ. ಅಮ್ಮ ಮಾಂತ್ರಿಕಳಾಗಿರಲು ಸಾಧ್ಯವಿಲ್ಲ, ಆಗಿದ್ದರೆ ಸಾಯುತ್ತಿರಲಿಲ್ಲ ಅನ್ನುತ್ತಾನೆ. ಸಾವು ಅಂದರೆ ಕೈಲಾಗದವರಿಗೆ ಬರುವಂಥದ್ದು ಅಂತ ಹನ್ನೊಂದರಲ್ಲೇ ತೀರ್ಮಾನ ಮಾಡಿಬಿಟ್ಟಿದ್ದಾನೆ. ಅಮ್ಮ ಯಾಕೆ ಸತ್ತಳು ಅಂತ ಅವನು ಅಳುವುದಿಲ್ಲ, ಅವಳ ಬಗ್ಗೆ ನಾಚಿಕೆ ಪಡುತ್ತಾನೆ. ನನ್ನ ಮಟ್ಟಿಗೆ ಏಳೂ ಪುಸ್ತಕಗಳಲ್ಲಿ ಇದಕ್ಕಿಂತ ಕರುಳು ಚುರುಕ್ ಅನ್ನಿಸುವ ಮಾತಿಲ್ಲ.

ಅವನಿಗೆ ಬೇಕಾದದ್ದು ಇಷ್ಟೇ: ಸಾಯಬಾರದು. ಅದಕ್ಕಾಗಿ ಕೊಲೆ ಮಾಡಿ ಮಾಡಿ ತನ್ನ ಆತ್ಮವನ್ನು ಚೂರು ಮಾಡಿ, ಒಂದೊಂದು ಚೂರನ್ನು ಒಂದೊಂದು ವಸ್ತುವಿನಲ್ಲಿ ಬಚ್ಚಿಡುತ್ತಾನೆ. ಡೈರಿ, ಉಂಗುರ, ಲಾಕೆಟ್, ಬಟ್ಟಲು, ಕಿರೀಟ. ಈ ಗುಟ್ಟನ್ನು ತನ್ನ ಬಂಟರಲ್ಲಿ ಒಬ್ಬನಿಗೂ ಬಿಡಿಸಿ ಹೇಳುವುದಿಲ್ಲ. ಬಂಟರಿಗೆ ಅವನು ಹೇಳುವ ಕತೆಯೇ ಬೇರೆ: ಶುದ್ಧ ರಕ್ತದವರು ನಾವು, ಮಾಯೆ ನಮ್ಮದು, ಲೋಕ ನಮ್ಮ ಕಾಲಡಿ ಇರಬೇಕು. ಇದನ್ನು ಹೇಳುವವನ ಅಪ್ಪನೇ ಮಾಯೆ ಗೊತ್ತಿಲ್ಲದ ಸಾಮಾನ್ಯ ಮನುಷ್ಯ! ಐದನೇ ಪುಸ್ತಕದಲ್ಲಿ ಕಥಾನಾಯಕ ಹ್ಯಾರಿ ಈ ಮಾತನ್ನು ಬಂಟರಲ್ಲಿ ಒಬ್ಬಳಾದ ಬೆಲಾಟ್ರಿಕ್ಸ್‌ಳ ಮುಖಕ್ಕೆ ಹೊಡೆದ ಹಾಗೆ ಹೇಳಿದಾಗ ಅವಳು ರೇಗಿ ಬೀಳುತ್ತಾಳೆ. ಅವನಿಗೋಸ್ಕರ ಹದಿನಾಲ್ಕು ವರ್ಷ ಸೆರೆಮನೆಯಲ್ಲಿ ಕೊಳೆತವಳು ಅವಳು. ಅವನ ಅಪ್ಪ ಯಾರು ಅಂತಲೂ ಗೊತ್ತಿಲ್ಲ.

ಹಾಗಾದರೆ ಹಿಡಿತ ಎಲ್ಲಿಂದ ಬಂತು? ತುಂಬಾ ಜನ ಹೆದರಿಕೆ ಅನ್ನುತ್ತಾರೆ. ಹೆದರಿಕೆ ಕೊನೆಗೆ ಬರುವುದು. ಮೊದಲು ಬರುವುದು ಅದಲ್ಲ.

ಎರಡನೇ ಪುಸ್ತಕದ ಡೈರಿಯನ್ನು ನೆನಪಿಸಿಕೊಳ್ಳಿ. ಜಿನ್ನಿ ಅನ್ನುವ ಹನ್ನೊಂದು ವರ್ಷದ ಹುಡುಗಿ. ಮನೆಯಲ್ಲಿ ಆರು ಜನ ಅಣ್ಣಂದಿರು, ಎಲ್ಲರೂ ಸೇರಿ ರೇಗಿಸುತ್ತಾರೆ. ಹಳೇ ಬಟ್ಟೆ, ಹಳೇ ಪುಸ್ತಕ. ಹೊಸ ಶಾಲೆಯಲ್ಲಿ ಒಂಟಿ. ಅವಳಿಗೆ ಒಂದು ಖಾಲಿ ಡೈರಿ ಸಿಗುತ್ತದೆ. ಬರೆದರೆ ಅದು ಉತ್ತರ ಕೊಡುತ್ತದೆ. ತಾಳ್ಮೆಯಿಂದ ಕೇಳುತ್ತದೆ. ಒಂದು ಬೈಗುಳವಿಲ್ಲ, ಬೆದರಿಕೆಯಿಲ್ಲ. ಅವಳು ಬರೆದಷ್ಟೂ ಅವಳ ಶಕ್ತಿ ಡೈರಿಯೊಳಗಿನ ಹುಡುಗನಿಗೆ ಹರಿಯುತ್ತದೆ. ಕೊನೆಗೆ ತಾನು ರಾತ್ರಿ ಏನು ಮಾಡಿದೆ ಅಂತ ಅವಳಿಗೇ ನೆನಪಿರುವುದಿಲ್ಲ.

ಇದನ್ನು ಓದುವಾಗ ನನ್ನ ಹಾಸ್ಟೆಲ್ ದಿನಗಳು ನೆನಪಾಗುತ್ತವೆ. ನಾನು ಎಂಟನೇ ಕ್ಲಾಸು. ಮನೆ ಬಿಟ್ಟು ಬಂದ ಮೊದಲ ವರ್ಷ. ದೊಡ್ಡ ಕ್ಲಾಸಿನ ಒಬ್ಬ ಹುಡುಗ ರಾತ್ರಿ ಊಟ ಆದ ಮೇಲೆ ಚಿಕ್ಕವರನ್ನು ಪಕ್ಕ ಕೂರಿಸಿಕೊಂಡು ಕೇಳುತ್ತಿದ್ದ: ಮನೆ ನೆನಪಾಗುತ್ತಾ? ಅಪ್ಪ ಬೈತಾರಾ? ನಾವು ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದೆವು. ಯಾರೂ ನಮ್ಮನ್ನು ಹಾಗೆ ಕೇಳಿರಲಿಲ್ಲ. ಎರಡು ತಿಂಗಳಲ್ಲಿ ಅವನ ಬಟ್ಟೆ ನಾವು ಒಗೆಯುತ್ತಿದ್ದೆವು. ಅವನು ಯಾರನ್ನು ದೂರ ಇಡು ಅನ್ನುತ್ತಿದ್ದನೋ ಅವರ ಜೊತೆ ಮಾತು ಬಿಡುತ್ತಿದ್ದೆವು. ಒಂದು ದಿನವೂ ಅವನು ನಮ್ಮ ಮೇಲೆ ಕೈ ಮಾಡಲಿಲ್ಲ. ಅಗತ್ಯವೇ ಬೀಳಲಿಲ್ಲ. ನಮ್ಮ ಗುಟ್ಟೆಲ್ಲ ಅವನ ಹತ್ತಿರ ಇತ್ತು. ನಾನು ಅವನ ಮಾತು ಕೇಳಿ ಮಾತು ಬಿಟ್ಟ ಗೆಳೆಯ ಆ ವರ್ಷವೇ ಹಾಸ್ಟೆಲ್ ಬಿಟ್ಟು ಹೋದ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ವೋಲ್ಡೆಮಾರ್ಟ್ ಶಾಲೆಯಲ್ಲಿ ಗುಂಪು ಕಟ್ಟಿದ್ದೂ ಹೀಗೆಯೇ. ಆ ಗುಂಪಿನಲ್ಲಿ ಯಾರ‍್ಯಾರಿದ್ದರು ಅಂತ ಡಂಬಲ್‌ಡೋರ್ ಹ್ಯಾರಿಗೆ ಬಿಡಿಸಿ ಹೇಳುತ್ತಾರೆ. ಕೈಲಾಗದವರು ಆಸರೆ ಹುಡುಕಿಕೊಂಡು ಬಂದರು. ಆಸೆಬುರುಕರು ಅವನ ಹೆಸರಿನಲ್ಲಿ ತಮಗೂ ಪಾಲು ಸಿಗಲಿ ಅಂತ ಬಂದರು. ಕ್ರೂರಿಗಳು ತಮಗಿಂತ ನಯವಾಗಿ ಕ್ರೌರ್ಯ ಕಲಿಸುವವನು ಸಿಕ್ಕ ಅಂತ ಬಂದರು. ಒಬ್ಬೊಬ್ಬರ ಬಾಗಿಲು ಒಂದೊಂದು. ಎಲ್ಲರೂ ನಾನು ಅವನಿಗೆ ಹತ್ತಿರದವನು ಅಂದುಕೊಂಡಿದ್ದರು. ಅವನಿಗೆ ಮಾತ್ರ ಒಬ್ಬ ಗೆಳೆಯನೂ ಇರಲಿಲ್ಲ, ಬೇಕು ಅಂತಲೂ ಅನ್ನಿಸಿರಲಿಲ್ಲ.

ಗುಂಪಿನ ಒಳಗಿನ ಕಟ್ಟಡವನ್ನೂ ಗಮನಿಸಿ. ಅವನ ಬಂಟರನ್ನು ಡೆತ್ ಈಟರ್‌ಗಳು ಅನ್ನುತ್ತಾರೆ. ಕರೆ ಬಂದಾಗ ಮುಖವಾಡ ಹಾಕಿಕೊಂಡೇ ಬರುತ್ತಾರೆ. ಕಾರ್ಕಾರಾಫ್ ಅನ್ನುವವನು ವಿಚಾರಣೆಯಲ್ಲಿ ಒಂದು ಮಾತು ಬಾಯಿಬಿಡುತ್ತಾನೆ: ನಮ್ಮ ಜೊತೆಗಾರರೆಲ್ಲ ಯಾರು ಅಂತ ನಮಗೇ ಗೊತ್ತಿರಲಿಲ್ಲ, ಎಲ್ಲರ ಹೆಸರು ಗೊತ್ತಿದ್ದದ್ದು ಅವನೊಬ್ಬನಿಗೇ. ಒಬ್ಬರನ್ನೊಬ್ಬರು ನಂಬುವ ಹಾಗಿಲ್ಲ. ಎಲ್ಲ ದಾರಗಳ ತುದಿಯೂ ಅವನ ಕೈಯಲ್ಲಿ. ನಾಲ್ಕು ಜನ ಕೂತು ಇದು ಸರಿಯಲ್ಲ ಕಣ್ರೋ ಅಂತ ಮಾತಾಡಿಕೊಳ್ಳಲು ಜಾಗವೇ ಇಲ್ಲ.

ಗುಂಪಿನ ಹೊರಗಿದ್ದವರ ಬಾಯಿ ಕಟ್ಟಿದ್ದು ಹೆಸರಿನ ಭಯ. ನಮ್ಮ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಹಾವು ಅನ್ನುವುದಿಲ್ಲ, ಹುಳ ಅನ್ನುತ್ತೇವೆ. ಆ ಲೋಕದ ಜನರೂ ವೋಲ್ಡೆಮಾರ್ಟ್ ಅನ್ನುವುದಿಲ್ಲ, 'ಅವನು, ನಿಮಗೆ ಗೊತ್ತಲ್ಲ' ಅನ್ನುತ್ತಾರೆ. ಆರು ಪುಸ್ತಕಗಳವರೆಗೆ ಇದು ಬರೀ ರೂಢಿಯಾಗಿತ್ತು. ಏಳನೆಯದರಲ್ಲಿ ಅದೇ ಬಲೆಯಾಗುತ್ತದೆ. ಹೆಸರು ಹೇಳಿದ ಕೂಡಲೇ ಹೇಳಿದವರ ಸುತ್ತಲಿನ ರಕ್ಷಣೆ ಮುರಿದು, ಎಲ್ಲಿದ್ದಾರೆ ಅಂತ ಹಿಡಿಯುವವರಿಗೆ ತಿಳಿದುಬಿಡುತ್ತದೆ. ಯಾಕೆ ಗೊತ್ತಾ? ಅವನನ್ನು ಎದುರಿಸುವ ಧೈರ್ಯ ಇದ್ದವರು ಮಾತ್ರ ಆ ಹೆಸರು ಹೇಳುತ್ತಿದ್ದರು. ಧೈರ್ಯವನ್ನೇ ಗುರುತು ಹಿಡಿಯುವ ಉಪಾಯ ಅದು.

ಸರ್ಕಾರ ಅವನ ಕೈಗೆ ಬಂದಾಗಲೂ ಅವನು ಕುರ್ಚಿಯಲ್ಲಿ ಕೂರುವುದಿಲ್ಲ. ಮಂತ್ರ ಹಾಕಿದ ಒಬ್ಬನನ್ನು ಕೂರಿಸಿ ಹಿಂದೆ ನಿಲ್ಲುತ್ತಾನೆ. ಅಂಬ್ರಿಜ್‌ಳಂಥ ಅಧಿಕಾರಿಗೆ ಕೈ ಮೇಲೆ ಗುರುತೂ ಬೇಕಿರಲಿಲ್ಲ. ಅವಳು ಮೊದಲಿಂದಲೂ ಮಾಡಬೇಕು ಅಂದುಕೊಂಡಿದ್ದನ್ನು ಈಗ ಕಾನೂನಿನ ಹೆಸರಿನಲ್ಲಿ ಮಾಡಿದಳು. ಗ್ರೇಬ್ಯಾಕ್ ಅನ್ನುವ ತೋಳಮನುಷ್ಯನಿಗೆ ಬಂಟರ ನಿಲುವಂಗಿ ಸಿಕ್ಕಿತು, ಗುರುತು ಸಿಗಲಿಲ್ಲ. ಕೆಲಸಕ್ಕೆ ಬೇಕು, ಪಂಕ್ತಿಯಲ್ಲಿ ಕೂರಿಸಲು ಬೇಡ. ಆ ಪಂಕ್ತಿಯ ಆಸೆ ತೋರಿಸಿಯೇ ಅವನನ್ನು ದುಡಿಸಿಕೊಂಡರು.

ಈಗ ರೆಗ್ಯುಲಸ್ ಬಗ್ಗೆ ಹೇಳಬೇಕು. ಇಲ್ಲಿರುವ ಹೈಸ್ಕೂಲ್ ಮಕ್ಕಳು ದಯವಿಟ್ಟು ಕೇಳಿ. ಈ ಹುಡುಗ ಹದಿನಾರನೇ ವಯಸ್ಸಿಗೆ ಡೆತ್ ಈಟರ್ ಆದವನು. ಅವನು ಸತ್ತು ಎಷ್ಟೋ ವರ್ಷದ ಮೇಲೆ ಹ್ಯಾರಿ ಅವನ ಕೋಣೆಗೆ ಹೋದಾಗ ಗೋಡೆಯ ಮೇಲೆ ಹಳದಿಗಟ್ಟಿದ ಪೇಪರ್ ಕಟಿಂಗ್‌ಗಳು ಕಾಣುತ್ತವೆ. ಎಲ್ಲವೂ ವೋಲ್ಡೆಮಾರ್ಟ್ ಸುದ್ದಿ. ಸಿನಿಮಾ ನಟನ ಫೋಟೋ ಅಂಟಿಸಿಕೊಳ್ಳುವ ವಯಸ್ಸಿನಲ್ಲಿ ಅವನು ಇದನ್ನು ಕತ್ತರಿಸಿ ಅಂಟಿಸಿಕೊಂಡಿದ್ದ. ಖಳನನ್ನು ನೋಡುವ ಮೊದಲೇ ಅವನಿಗೆ ಮನಸ್ಸು ಕೊಟ್ಟಾಗಿತ್ತು.

ಒಂದು ದಿನ ಒಡೆಯನಿಗೆ ಒಬ್ಬ ಮನೆಯಾಳು ಬೇಕಾಗುತ್ತಾನೆ. ರೆಗ್ಯುಲಸ್ ಹೆಮ್ಮೆಯಿಂದ ತನ್ನ ಮನೆಯ ಆಳು ಕ್ರೀಚರ್‌ನನ್ನು ಕಳಿಸುತ್ತಾನೆ. ಕ್ರೀಚರ್ ಮನುಷ್ಯನಲ್ಲ, ಎಲ್ಫ್ ಅನ್ನುವ ಕುಲದವನು. ವೋಲ್ಡೆಮಾರ್ಟ್ ಅವನನ್ನು ಗುಹೆಯೊಳಗಿನ ಕೆರೆಗೆ ಕರೆದೊಯ್ದು, ವಿಷದಂಥ ಪಾನೀಯ ಕುಡಿಸಿ, ತನ್ನ ಲಾಕೆಟ್ ಅಲ್ಲಿ ಬಚ್ಚಿಟ್ಟು, ಅವನನ್ನು ಸಾಯಲು ಬಿಟ್ಟು ಬರುತ್ತಾನೆ. ಆದರೆ ಕೆಲಸ ಮುಗಿಸಿ ಮನೆಗೆ ಬಾ ಅಂತ ರೆಗ್ಯುಲಸ್ ಹೇಳಿ ಕಳಿಸಿದ್ದ. ಹಾಗಾಗಿ ಕ್ರೀಚರ್ ತನ್ನ ಕುಲದ ಮಾಯೆಯಿಂದ ಮನೆಗೆ ಬಂದುಬಿಡುತ್ತಾನೆ. ಆಳಿಗೂ ಒಂದು ಶಕ್ತಿ ಇರಬಹುದು ಅಂತ ವೋಲ್ಡೆಮಾರ್ಟ್‌ಗೆ ಹೊಳೆದಿರಲೇ ಇಲ್ಲ.

ಚಿಕ್ಕಂದಿನಿಂದ ಜೊತೆಗಿದ್ದ ಕ್ರೀಚರ್ ನಡುಗುತ್ತಾ ನಡೆದದ್ದನ್ನೆಲ್ಲ ಹೇಳುತ್ತಾನೆ. ರೆಗ್ಯುಲಸ್‌ಗೆ ಅಲ್ಲಿಗೆ ಮುಗಿಯಿತು. ಶುದ್ಧ ರಕ್ತದ ಸಿದ್ಧಾಂತ ತಪ್ಪು ಅಂತ ಅವನು ಪುಸ್ತಕ ಓದಿ ತಿಳಿದುಕೊಂಡದ್ದಲ್ಲ. ನನ್ನ ಕ್ರೀಚರ್‌ಗೆ ಹೀಗೆ ಮಾಡಿದನಾ ಅನ್ನುವ ಒಂದೇ ಸಂಕಟ. ಅದೇ ಗುಹೆಗೆ ಹೋಗುತ್ತಾನೆ. ಈ ಸಲ ಪಾನೀಯವನ್ನು ತಾನೇ ಕುಡಿಯುತ್ತಾನೆ. ಲಾಕೆಟ್ಟನ್ನು ಕ್ರೀಚರ್ ಕೈಗೆ ಕೊಟ್ಟು ಕಳಿಸಿ, ಅಲ್ಲೇ ಸಾಯುತ್ತಾನೆ. ಬಂಟರಲ್ಲಿ ಆ ಗುಟ್ಟನ್ನು ತಾನಾಗಿ ಕಂಡುಹಿಡಿದವನು ಈ ಹುಡುಗ ಒಬ್ಬನೇ.

ಇನ್ನು ತಲೆಬರಹದ ಬೆಳ್ಳಿಯ ಕೈಗೆ ಬರುತ್ತೇನೆ. ಸ್ಮಶಾನದಲ್ಲಿ ಪೆಟಿಗ್ರೂನನ್ನು ಬೇಕಾದಷ್ಟು ಹೊತ್ತು ಗೋಳಾಡಿಸಿದ ಮೇಲೆ, ಎಲ್ಲರ ಎದುರಿಗೆ, ವೋಲ್ಡೆಮಾರ್ಟ್ ಅವನಿಗೆ ಬೆಳ್ಳಿಯ ಕೈ ಕೊಡುತ್ತಾನೆ. ಹೊಳೆಯುವ ಕೈ, ಒಣ ಕಡ್ಡಿಯನ್ನು ಹಿಟ್ಟು ಮಾಡುವಷ್ಟು ಬಲ. ಇನ್ನು ಮುಂದೆ ನಿನ್ನ ನಿಷ್ಠೆ ಅಲುಗಾಡದಿರಲಿ ಅಂತ ಹರಸುತ್ತಾನೆ. ಪೆಟಿಗ್ರೂನ ಅಳು ತಟ್ಟನೆ ನಿಂತುಬಿಡುತ್ತದೆ. ಏಳನೇ ಪುಸ್ತಕದಲ್ಲಿ, ಮಾಲ್ಫಾಯ್ ಮನೆಯ ನೆಲಮಾಳಿಗೆಯಲ್ಲಿ, ಅದೇ ಕೈ ಹ್ಯಾರಿಯ ಕುತ್ತಿಗೆ ಹಿಸುಕುತ್ತಿರುತ್ತದೆ. ನಾನು ನಿನ್ನ ಜೀವ ಉಳಿಸಿದ್ದೆ, ಆ ಋಣ ಇದೆ ಅಂತ ಹ್ಯಾರಿ ನೆನಪಿಸುತ್ತಾನೆ. ಒಂದು ಕ್ಷಣ, ಒಂದೇ ಒಂದು ಕ್ಷಣ ಆ ಬೆರಳುಗಳು ಸಡಿಲವಾಗುತ್ತವೆ. ಅಷ್ಟಕ್ಕೇ ಆ ಬೆಳ್ಳಿಯ ಕೈ ತಿರುಗಿ ಪೆಟಿಗ್ರೂನ ಕುತ್ತಿಗೆಯನ್ನೇ ಹಿಡಿಯುತ್ತದೆ. ಹ್ಯಾರಿ ಮತ್ತು ಅವನ ಗೆಳೆಯ ರಾನ್ ಎಳೆದು ಬಿಡಿಸಲು ನೋಡುತ್ತಾರೆ. ಆಗುವುದಿಲ್ಲ.

ಆ ಕೈ ಕೊಟ್ಟ ದಿನವೇ ಇದನ್ನೂ ಅದರೊಳಗೆ ಇಟ್ಟು ಕೊಟ್ಟಿದ್ದ. ನಾಲ್ಕನೇ ಪುಸ್ತಕಕ್ಕೂ ಏಳನೆಯದಕ್ಕೂ ನಡುವೆ ಏಳು ವರ್ಷ. ಅಷ್ಟು ವರ್ಷ ಓದುಗರೂ ಅದನ್ನು ಉಡುಗೊರೆ ಅಂತಲೇ ನಂಬಿಕೊಂಡಿದ್ದರು. ಸರಣಿ ಕಾದಂಬರಿಯಲ್ಲದೆ ಬೇರೆ ಎಲ್ಲಿ ಇಷ್ಟು ದೊಡ್ಡ ಕಾಯುವಿಕೆ ಸಾಧ್ಯ?

ಕೊನೆಯದಾಗಿ ಮಾಲ್ಫಾಯ್ ಕುಟುಂಬ. ಲೂಸಿಯಸ್ ಮಾಲ್ಫಾಯ್ ಹಣವಂತ, ದೊಡ್ಡ ಮನೆತನ. ಖಳ ಮೊದಲ ಸಲ ಬಿದ್ದು ಮೈ ಕಳೆದುಕೊಂಡಾಗ, ನನ್ನ ಮೇಲೆ ಮಂತ್ರ ಹಾಕಿದ್ದರು, ನಾನಾಗಿ ಏನೂ ಮಾಡಲಿಲ್ಲ ಅಂತ ಹೇಳಿ ಪಾರಾದವನು. ಅವನಿಗೆ ಬೇಕಿದ್ದದ್ದು ಮೇಲಿನ ಸ್ಥಾನ. ಒಂದು ಕೆಲಸದಲ್ಲಿ ಅವನು ಸೋತ. ಅದಕ್ಕೆ ವೋಲ್ಡೆಮಾರ್ಟ್ ಕೊಟ್ಟ ಶಿಕ್ಷೆ ಅವನ ಹದಿನಾರು ವರ್ಷದ ಮಗನಿಗೆ. ಡಂಬಲ್‌ಡೋರ್‌ನನ್ನು ಕೊಲ್ಲು ಅಂತ ಡ್ರೇಕೋಗೆ ಒಪ್ಪಿಸುತ್ತಾನೆ. ಹುಡುಗನಿಂದ ಆಗುವುದಿಲ್ಲ ಅಂತ ಗೊತ್ತಿದ್ದೇ ಒಪ್ಪಿಸುತ್ತಾನೆ. ಹುಡುಗ ಮೊದಲು ಬೀಗುತ್ತಾನೆ. ಕೆಲವೇ ತಿಂಗಳಲ್ಲಿ ಶಾಲೆಯ ಬಾತ್‌ರೂಮಿನಲ್ಲಿ ಒಬ್ಬನೇ ನಿಂತು ಅಳುತ್ತಿರುತ್ತಾನೆ. ಮಾಡದಿದ್ದರೆ ತನ್ನನ್ನೂ ಮನೆಯವರನ್ನೂ ಕೊಲ್ಲುತ್ತಾನೆ ಅಂತ ಅವನಿಗೆ ಗೊತ್ತು. ನಾನು ಹೇಳಿದೆನಲ್ಲ, ಹೆದರಿಕೆ ಕೊನೆಗೆ ಬರುತ್ತದೆ ಅಂತ. ಆಸೆ ತೋರಿಸಿ ಒಳಗೆ ಕರೆದ ಮನೆಯವರನ್ನು ಈಗ ಹೆದರಿಸಿ ಹಿಡಿದಿಟ್ಟಿದ್ದಾನೆ. ಏಳನೇ ಪುಸ್ತಕದ ಹೊತ್ತಿಗೆ ಖಳ ಅವರ ಮನೆಯಲ್ಲೇ ಬಂದು ಕೂತಿದ್ದಾನೆ. ಲೂಸಿಯಸ್‌ನ ಮಂತ್ರದಂಡವನ್ನೂ ಎಲ್ಲರ ಮುಂದೆ ಕಿತ್ತುಕೊಳ್ಳುತ್ತಾನೆ. ಅನಾಥಾಲಯದ ಆ ಡಬ್ಬಿ ನೆನಪಿದೆಯಲ್ಲ? ನನಗೆ ಅದೇ ಕಣ್ಣ ಮುಂದೆ ಬರುತ್ತದೆ.

ಏಳನೇ ಪುಸ್ತಕದ ಕೊನೆಯಲ್ಲಿ, ವೋಲ್ಡೆಮಾರ್ಟ್ ಕೊಲ್ಲುವ ಮಂತ್ರ ಹಾಕಿದ ಮೇಲೆ, ಕಾಡಿನಲ್ಲಿ ಹ್ಯಾರಿ ಬಿದ್ದಿದ್ದಾನೆ. ಸತ್ತನಾ ನೋಡು ಅಂತ ವೋಲ್ಡೆಮಾರ್ಟ್ ಒಬ್ಬರನ್ನು ಕಳಿಸುತ್ತಾನೆ. ಹೋಗುವವಳು ಡ್ರೇಕೋನ ತಾಯಿ ನಾರ್ಸಿಸಾ. ಬಗ್ಗಿ ನೋಡುತ್ತಾಳೆ, ಅವಳ ಉದ್ದ ಕೂದಲು ಹ್ಯಾರಿಯ ಮುಖವನ್ನು ಮರೆ ಮಾಡುತ್ತದೆ. ಎದೆ ಮುಟ್ಟಿದಾಗ ಬಡಿತ ಸಿಗುತ್ತದೆ. ಪಿಸುಗುಟ್ಟಿ ಒಂದೇ ಪ್ರಶ್ನೆ ಕೇಳುತ್ತಾಳೆ: ಡ್ರೇಕೋ ಬದುಕಿದ್ದಾನಾ, ಕೋಟೆಯೊಳಗೆ ಇದ್ದಾನಾ? ಹೌದು ಅನ್ನುತ್ತಾನೆ. ಅವಳು ಎದ್ದು ನಿಂತು, ಸತ್ತಿದ್ದಾನೆ ಅಂತ ಸಾರುತ್ತಾಳೆ. ಮನಸ್ಸಿನೊಳಗೆ ಹೊಕ್ಕು ನೋಡಬಲ್ಲ ವೋಲ್ಡೆಮಾರ್ಟ್ ಅವಳ ಮಾತನ್ನು ಹಾಗೆಯೇ ನಂಬುತ್ತಾನೆ. ಒಬ್ಬ ತಾಯಿಗೆ ಆ ಹೊತ್ತಿನಲ್ಲಿ ಏನು ಬೇಕಾಗಿರಬಹುದು ಅಂತ ಅವನಿಗೆ ಗೊತ್ತಿಲ್ಲ. ಗೊತ್ತಾಗಲು ಅವನ ಬದುಕಿನಲ್ಲಿ ದಾರಿಯೇ ಇರಲಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಹಾಗಾದ್ರೆ ನಾರ್ಸಿಸಾ ಕೊನೆಗೆ ಒಳ್ಳೆಯವಳಾದಳಾ?"

ಒಳ್ಳೆಯ ಪ್ರಶ್ನೆ, ಇಲ್ಲಿಯೂ ಬರೆದಿಡುತ್ತೇನೆ. ಇಲ್ಲಮ್ಮಾ, ಹಾಗನ್ನಿಸುವುದಿಲ್ಲ. ಅವಳಿಗೆ ಹ್ಯಾರಿ ಮೇಲೆ ಪ್ರೀತಿ ಹುಟ್ಟಲಿಲ್ಲ. ರಕ್ತದ ಬಗ್ಗೆ ಅವಳ ನಂಬಿಕೆ ಬದಲಾಯಿತು ಅಂತ ಪುಸ್ತಕ ಎಲ್ಲೂ ಹೇಳುವುದಿಲ್ಲ. ಕೊನೆಯ ಯುದ್ಧದಲ್ಲಿ ಅವಳೂ ಲೂಸಿಯಸ್ಸೂ ಯಾರ ಪರವಾಗಿಯೂ ಹೋರಾಡುವುದಿಲ್ಲ. ಮಗನ ಹೆಸರು ಕೂಗುತ್ತಾ ಗುಂಪಿನ ನಡುವೆ ಓಡುತ್ತಾರೆ ಅಷ್ಟೇ. ಎಲ್ಲ ಮುಗಿದ ಮೇಲೆ, ಖಳನ ಹೆಣವನ್ನು ಬೇರೆ ಕೋಣೆಗೆ ಸಾಗಿಸಿದ ಮೇಲೆ, ದೊಡ್ಡ ಹಜಾರದಲ್ಲಿ ಗೆದ್ದವರೂ ಅಳುವವರೂ ಒಟ್ಟಿಗೆ ಕೂತಿರುತ್ತಾರೆ. ಮಾಲ್ಫಾಯ್ ಕುಟುಂಬದ ಮೂವರೂ ಒಬ್ಬರಿಗೊಬ್ಬರು ಅಂಟಿಕೊಂಡು ಒಂದು ಕಡೆ ಕೂತಿರುತ್ತಾರೆ, ತಾವು ಅಲ್ಲಿ ಇರಬಹುದೋ ಬಾರದೋ ಅಂತ ತಿಳಿಯದೆ. ಯಾರೂ ಅವರ ಕಡೆ ನೋಡುತ್ತಿರಲಿಲ್ಲ.